ಎಂಟು ಸುತ್ತಿನ ಪೇಚು

ಆನಂದ ಸಂವತ್ಸರದ ಚೈತ್ರ, ಕುಂಪಣಿಯವರ ಲೆಕ್ಕದಲ್ಲಿ ಹದಿನೆಂಟುನೂರ ಐವತ್ತನಾಲ್ಕನೆಯ ಇಸವಿ. ರೋಣದ ಹೊನ್ನವ್ವನ ಹಿತ್ತಿಲಲ್ಲಿದ್ದ ಹತ್ತಿ ಗಿರಣಿಯ ಪೇಚು ಒಂದು ಮಟಮಟ ಮಧ್ಯಾಹ್ನ ಲಟಕ್ಕನೆ ಮುರಿಯಿತು. ಮುರಿದವನು ಊರ ಕಂಬಾರ ದ್ಯಾಮಪ್ಪ. ಗಿರಣಿ ತಿರುವುವ ಆಳುಗಳೆಲ್ಲ ಆಗ ಬುತ್ತಿ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ಕೂತಿದ್ದರು. ಹೀಗಾಗಿ ಆ ಸದ್ದು ಅವನೊಬ್ಬನಿಗೇ ಕೇಳಿತು.

ಹೊನ್ನವ್ವ ನಲವತ್ತೈದರ ಹೆಂಗಸು. ಗಂಡ ತೀರಿಕೊಂಡ ಮೇಲೆ ಹನ್ನೆರಡು ಕೂರಿಗೆ ಎರೆಹೊಲವನ್ನೂ ಹತ್ತಿ ವ್ಯಾಪಾರವನ್ನೂ ತಾನೇ ನಡೆಸಿಕೊಂಡು ಬಂದವಳು. ವಿಲಾಯತಿ ಹತ್ತಿಯ ಬೀಜ ಅರಳೆಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಹೆಂಗಸರು ಕಲ್ಲಿನ ಮೇಲೆ ಕಾಲಿನಿಂದ ಉರುಳಿಸುವ ಸಲಾಕೆಗೆ ಅದು ಬಗ್ಗುವುದಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಅವಳು ಧಾರವಾಡದಿಂದ ಎರಡು ಚಕ್ಕಡಿಯಲ್ಲಿ ಈ ಗರಗಸದ ಗಿರಣಿ ತರಿಸಿದ್ದಳು. ನಡುವೆ ಉದ್ದನೆಯ ಕಬ್ಬಿಣದ ಅಚ್ಚು. ಅಚ್ಚಿಗೆ ಪೋಣಿಸಿದ ಹದಿನೆಂಟು ದುಂಡು ಗರಗಸ. ಅಚ್ಚಿನ ಎಡತುದಿಗೊಂದು, ಬಲತುದಿಗೊಂದು ಹಲ್ಲಿನ ಗಾಲಿ. ಆ ಗಾಲಿಗಳಿಗೆ ಹಿಡಿಕೆಯಿದ್ದ ದೊಡ್ಡ ಗಾಲಿಗಳು ಕಚ್ಚಿಕೊಂಡಿದ್ದವು. ನಾಲ್ಕು ಆಳು ಹಿಡಿಕೆ ತಿರುವಿದರೆ ಗರಗಸಗಳು ಭೋರೆಂದು ತಿರುಗಿ ಬೀಜ ಈ ಕಡೆ, ಅರಳೆ ಆ ಕಡೆ. ಹಲ್ಲಿನ ಗಾಲಿ ಅಚ್ಚಿನಿಂದ ಜಾರಿ ಹೋಗದಂತೆ ಅಚ್ಚಿನ ಎರಡೂ ತುದಿಯ ತೂತುಗಳಲ್ಲಿ ಹೆಬ್ಬೆರಳು ಗಾತ್ರದ ಒಂದೊಂದು ಬೋಲ್ಟು. ಊರಿನವರು ಅದನ್ನು ಪೇಚು ಎನ್ನುತ್ತಿದ್ದರು.

ಗಾಲಿಗಳ ಸಂದಿಯಲ್ಲಿ ಅರಳೆ ಸಿಕ್ಕಿಕೊಂಡಿದೆ, ಬಿಚ್ಚಿ ತೆಗೆದು ಎಣ್ಣೆ ಹಾಕು ಎಂದು ಹೊನ್ನವ್ವ ಹೇಳಿಕಳಿಸಿದ್ದಳು. ದ್ಯಾಮಪ್ಪ ಬಲಗಡೆಯ ಪೇಚಿನ ತಲೆಗೆ ಪಾನಾ ಹಾಕಿ ಎಡಕ್ಕೆ ತಿರುವಿದ. ಎರಡು ಸಲ ಗೊಣಗಿ ಬಿಚ್ಚಿಕೊಂಡಿತು. ಎಡಗಡೆಯದಕ್ಕೂ ಹಾಗೇ ಪಾನಾ ಹಾಕಿದ. ಅದು ಅಲುಗಲಿಲ್ಲ. ಮೈಭಾರ ಬಿಟ್ಟು ತಿರುವಿದ. ಅಲುಗಲಿಲ್ಲ. ಕಬ್ಬಿಣ ತನ್ನ ಮಾತು ಮೀರಿದ್ದನ್ನು ದ್ಯಾಮಪ್ಪ ಇಪ್ಪತ್ತೈದು ವರ್ಷದಲ್ಲಿ ಕಂಡವನಲ್ಲ. ಚಕ್ಕಡಿಯ ಒಂದು ಹಳೆಯ ಇರುಸನ್ನು ತಂದು ಪಾನಾದ ಹಿಡಿಕೆಗೆ ಕಟ್ಟಿ, ಕಾಲನ್ನು ಗಿರಣಿಯ ಚೌಕಟ್ಟಿಗೆ ಒತ್ತಿ, ಉಸಿರು ಬಿಗಿಹಿಡಿದು ಜಗ್ಗಿದ. ಪೇಚಿನ ತಲೆ ಕೈಗೆ ಬಂತು. ಮೈ ಒಳಗೇ ಉಳಿಯಿತು.

ಅವನು ಬೇವಿನ ಗಿಡದ ಕಡೆ ಒಮ್ಮೆ ನೋಡಿದ. ಉಳಿ ತೆಗೆದುಕೊಂಡು ಒಳಗಿದ್ದ ತುಂಡಿನ ಮೇಲೆ ಒಂದು ಗೀರು ಕೊರೆದು ಅತ್ತ ಬಡಿದ, ಇತ್ತ ಬಡಿದ. ಹೇಗೋ ಒಂದು ಬಡಿತಕ್ಕೆ ಅದು ಸಡಿಲಾಗಿ, ಬಡಿದಂತೆ ಬಡಿದಂತೆ ಹೊರಬಂತು. ಕುಲದೇವರಿಗೆ ಕೈಮುಗಿದು ಎರಡೂ ತುಂಡುಗಳನ್ನು ಸೊಂಟದ ಚೀಲಕ್ಕೆ ಸೇರಿಸಿಕೊಂಡ.

ಹೊನ್ನವ್ವ ಬಂದು ಕೇಳಿದಾಗ ಬಾಯಿಗೆ ಸುಳ್ಳು ತಾನಾಗಿ ಬಂತು.

"ಪೇಚು ಒಳಗಿಂದೊಳಗ ಮೊದಲ ಬಿರಕ ಬಿಟ್ಟಿತ್ರಿ ಅವ್ವಾರ. ಎಡಗಡಿ ಹಿಡಿಕಿ ಹುಚ್ಚಪ್ಪಂದಲ್ಲ? ಅವ ಉಲ್ಟಾ ಜಗ್ಗಿ ಜಗ್ಗಿ ತಿರುವಿದ್ದಕ್ಕ ಕುತಗಿ ಹೋಗೇತಿ."

ಹುಚ್ಚಪ್ಪ ಬೇವಿನ ಗಿಡದ ಕೆಳಗಿನಿಂದ ಎದ್ದು ಬಂದ. ಮೂವತ್ತರ ಗಟ್ಟಿ ಆಳು, ಮಾತು ಕಡಿಮೆ. "ನಾ ಉಲ್ಟಾ ತಿರುವಿಲ್ರಿ" ಎಂದ. ಹೊನ್ನವ್ವ ಅವನನ್ನೂ ನೋಡಿದಳು, ದ್ಯಾಮಪ್ಪನನ್ನೂ ನೋಡಿದಳು. ಕಬ್ಬಿಣದ ಮಾತಿಗೆ ಕಂಬಾರನೇ ದೊಡ್ಡವನು. "ಸದ್ಯಕ್ಕ ನೀ ಗಿರಣಿ ಕಡೆ ಬರಬ್ಯಾಡ" ಎಂದಳು ಹುಚ್ಚಪ್ಪನಿಗೆ. ಅವನು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟುಹೋದ. ಮರುದಿನದಿಂದ ಊರಾಚೆಯ ಬಾವಿಯ ಹೂಳು ತೆಗೆಯುವ ಕೆಲಸಕ್ಕೆ ಸೇರಿದ ಎಂದು ಸುದ್ದಿಯಾಯಿತು.

ಧಾರವಾಡಕ್ಕೆ ಕಾಗದ ಹೋಯಿತು. ಹತ್ತು ದಿನಕ್ಕೆ ಉತ್ತರ ಬಂತು: ಅಂಥ ಪೇಚು ಮುಂಬಯಿಯಿಂದ ಬರಬೇಕು, ಮಳೆಗಾಲ ಮುಗಿಯಲಿ. ಹಿತ್ತಿಲಿನ ಕಣಜದಲ್ಲಿ ಹತ್ತಿ ಆಳೆತ್ತರ ಬಿದ್ದಿತ್ತು. ಮೊದಲ ಮಳೆ ಬೀಳುವುದರೊಳಗೆ ಬಿಡಿಸದಿದ್ದರೆ ಹಳದಿಗಟ್ಟುತ್ತದೆ.

"ನರಗುಂದದಾಗ ಉಸ್ಮಾನಸಾಬ ಅಂತ ಅದಾನ, ಬಂದೂಕ ರಿಪೇರಿ ಮಾಡತಾನ" ಎಂದಳು ಹೊನ್ನವ್ವ. "ಬಂದೂಕಿಗೂ ಪೇಚು ಇರತಾವ. ಬಲಗಡೀದು ಚಲೋ ಐತೆಲ್ಲ, ಅದನ್ನ ನಮೂನಿಗೆ ತಗೊಂಡ ಹೋಗು. ಅಂಥಾದ್ದ ಇನ್ನೊಂದು ಹುಡುಕ್ಕೊಂಡ ಬಾ."

ದ್ಯಾಮಪ್ಪ ಬಲಗಡೆಯ ಪೇಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಸೊಂಟದ ಚೀಲದಲ್ಲಿ ಮುರಿದ ತುಂಡುಗಳೂ ಇದ್ದವು. ಎಸೆಯಬೇಕೆಂದು ಬೆಣ್ಣಿಹಳ್ಳದ ದಂಡೆಯಲ್ಲಿ ಚೀಲ ಬಿಚ್ಚಿದ್ದ. ಕಂಬಾರನ ಕೈ ಕಬ್ಬಿಣ ಎಸೆಯಲು ಒಪ್ಪಲಿಲ್ಲ. ಮತ್ತೆ ಕಟ್ಟಿಕೊಂಡ.

ಉಸ್ಮಾನಸಾಬನ ಅಂಗಡಿ ನರಗುಂದದ ಗುಡ್ಡದ ಬುಡದಲ್ಲಿತ್ತು. ಮುಪ್ಪಿನ ಮನುಷ್ಯ, ಗಡ್ಡಕ್ಕೆ ಮದರಂಗಿ, ಬೆರಳ ತುದಿಗಳೆಲ್ಲ ಎಣ್ಣೆಯಿಂದ ಕಪ್ಪು. ಪೇಚನ್ನು ಕೈಗೆ ತೆಗೆದುಕೊಂಡವನೇ ದ್ಯಾಮಪ್ಪನ ಇರವನ್ನೇ ಮರೆತವನಂತೆ ಅದನ್ನು ಬಿಸಿಲಿಗೆ ಹಿಡಿದ, ಹೊರಳಿಸಿದ, ಉಗುರಿನಿಂದ ಗೀರಿದ. ಆಮೇಲೆ ಕುದುರೆಯ ಬಾಲದ ಒಂದು ಕೂದಲನ್ನು ಪೇಚಿನ ಏಣುಗಳ ನಡುವಿನ ಓಣಿಯಲ್ಲಿ ಸುತ್ತುತ್ತಾ ಹೋದ.

"ಏನ ಮಾಡಾಕತ್ತೀರಿ?"

"ಎಣಸಾಕತ್ತೀನಿ. ಹೆಬ್ಬೆಟ್ಟಿನ ಅಗಲಕ್ಕ ಎಷ್ಟ ಸುತ್ತು ಅಂತ. ಎಂಟು."

ಅವನು ಒಂದು ತೊಗಲಿನ ಚೀಲ ತಂದು ಚಾಪೆಯ ಮೇಲೆ ಸುರಿದ. ಪೇಚುಗಳು. ಬಂದೂಕಿನವು, ತೋಪಿನ ಗಾಡಿಯವು, ಯಾವುದೋ ಸಾಹೇಬನ ಕುರ್ಚಿಯವು, ಎಲ್ಲಿಯವೆಂದು ಅವನಿಗೂ ಗೊತ್ತಿಲ್ಲದವು. ದ್ಯಾಮಪ್ಪ ಬೆರಗಾಗಿ ಒಂದೊಂದನ್ನೇ ಎತ್ತಿ ನೋಡಿದ. ಮೊಳೆ ಎಂದರೆ ಮೊಳೆ, ಒಂದರ ಜಾಗಕ್ಕೆ ಇನ್ನೊಂದು ನಡೆಯುತ್ತದೆ. ಇವು ಹಾಗಲ್ಲ. ಒಂದರ ಸುತ್ತು ಒತ್ತೊತ್ತು, ಇನ್ನೊಂದರದು ಬಿಡಿಬಿಡಿ. ಒಂದರ ಏಣು ಚೂಪು, ಇನ್ನೊಂದರದು ಮೊಂಡು.

"ಎಲ್ಲಾ ಬ್ಯಾರೆ ಬ್ಯಾರೆ ಅದಾವಲ್ರಿ!"

"ಒಬ್ಬೊಬ್ಬ ಸಾಹೇಬಂದು ಒಂದೊಂದು ಪೇಚು. ತಮ್ಮ ಅಣ್ಣನ ಕೂಡನೂ ಮಾತಾಡಿ ಮಾಡಿರಾಂಗಿಲ್ಲ ಅವರು" ಎಂದು ಉಸ್ಮಾನಸಾಬ ನಕ್ಕ.

ಬಹಳ ಹುಡುಕಿದ ಮೇಲೆ ಒಂದು ಸಿಕ್ಕಿತು. ಗಾತ್ರ ಅದೇ, ಉದ್ದ ಅದೇ. ದ್ಯಾಮಪ್ಪನ ಮುಖ ಅರಳಿತು. ಉಸ್ಮಾನಸಾಬ ಕೂದಲು ಸುತ್ತಿ ಎಣಿಸಿ ತಲೆ ಅಲ್ಲಾಡಿಸಿದ. "ಏಳು."

"ಒಂದ ಸುತ್ತಿನ ಫರಕ ಅಲ್ರಿ? ಸ್ವಲ್ಪ ಜೋರ ಹಾಕಿದ್ರ ಹೋಗೂದಿಲ್ಲನು?"

"ನಿಮ್ಮ ಮದುವ್ಯಾಗ ಜಾತಕ ಒಂದೆರಡು ಕೂಡದಿದ್ರೂ ಗುರುಗಳು ನಡಸ್ಯಾರು. ಪೇಚಿಗೆ ನಡ್ಯಾಂಗಿಲ್ಲ ತಮ್ಮಾ. ಎರಡ ಸುತ್ತು ಹೋಗತೈತಿ, ಮೂರನೇದಕ್ಕ ಸಿಕ್ಕೊಂಡು ಕುಂಡರತೈತಿ. ಜೋರ ಹಾಕಿದ್ರ ಮುರೀತೈತಿ." ಹೀಗೆಂದು ಅವನು ತಲೆಯೆತ್ತಿ ಕೇಳಿದ, "ಮುರದದ್ದ ಎಲ್ಲಿ ಐತಿ? ಅದನ್ನ ತರಬೇಕಿತ್ತು."

ದ್ಯಾಮಪ್ಪನ ಕೈ ಸೊಂಟದ ಕಡೆ ಹೋಗಿ ನಿಂತಿತು. ಬಂದೂಕು ಬಲ್ಲವನ ಕಣ್ಣಿಗೆ ಆ ತುಂಡು ಬಿದ್ದರೆ ಹೇಗೆ ಮುರಿಯಿತೆಂದು ಹೇಳಿಬಿಟ್ಟಾನು. "ಎಸದೀನ್ರಿ. ಇದೂ ಅದೂ ಒಂದ."

"ಬ್ಯಾನಿ ಒಬ್ಬಂದು, ನಾಡಿ ಇನ್ನೊಬ್ಬಂದು ಹಿಡದು ಮದ್ದ ಕೊಟ್ಟಾಂಗ ಆತು" ಎಂದು ಗೊಣಗಿದ ಉಸ್ಮಾನಸಾಬ, ಮತ್ತೆ ಕೇಳಲಿಲ್ಲ.

ಸಿಗದ್ದನ್ನು ಹುಡುಕುವ ಬದಲು ಹೊಸದನ್ನೇ ಮಾಡುವುದೆಂದಾಯಿತು. ಉಸ್ಮಾನಸಾಬನ ಹತ್ತಿರ ಅಪ್ಪನ ಕಾಲದ ಒಂದು ಉಕ್ಕಿನ ತಟ್ಟೆ ಇತ್ತು. ಅದರಲ್ಲಿ ಸಾಲಾಗಿ ತೂತುಗಳು, ತೂತುಗಳ ಒಳಮೈಯಲ್ಲಿ ಸುತ್ತು. ಮೆತ್ತನೆಯ ಕಬ್ಬಿಣದ ಸಲಾಕೆಯನ್ನು ತೂತಿಗೆ ಒತ್ತಿ ತಿರುವಿದರೆ ಸಲಾಕೆಯ ಮೇಲೆ ಸುತ್ತು ಮೂಡುತ್ತದೆ. ಐದನೆಯ ತೂತು ಎಂಟು ಸುತ್ತಿನದು. ದ್ಯಾಮಪ್ಪ ಸಲಾಕೆ ಕಾಸಿ, ಬಡಿದು, ತಲೆ ಕೂಡಿಸಿ ಕೊಟ್ಟ. ಉಸ್ಮಾನಸಾಬ ಎಣ್ಣೆ ಬಿಡುತ್ತಾ ಎರಡು ದಿನ ತಿರುವಿದ. ಮುಗಿದ ಮೇಲೆ ಹಳೆಯ ಪೇಚನ್ನು ಜೇನುಮೇಣದ ಮೇಲೆ ಒತ್ತಿ, ಆ ಗುರುತಿನಲ್ಲಿ ಹೊಸ ಪೇಚನ್ನು ಇಟ್ಟರು. ಏಣಿಗೆ ಓಣಿ, ಓಣಿಗೆ ಏಣು. ಕೂದಲೆಳೆಯ ಸಂದಿಯೂ ಕಾಣಲಿಲ್ಲ.

ದ್ಯಾಮಪ್ಪ ಹಿಗ್ಗಿಕೊಂಡು ರೋಣಕ್ಕೆ ಮರಳಿದ. ಹೊನ್ನವ್ವನ ಎದುರಿನಲ್ಲಿ ಹೊಸ ಪೇಚನ್ನು ಎಡಗಡೆಯ ತೂತಿಗೆ ಇಟ್ಟು ತಿರುವಿದ. ಹೋಗಲಿಲ್ಲ. ತೆಗೆದು ಒರೆಸಿ ಮತ್ತೆ ಇಟ್ಟ. ಎರಡು ಸುತ್ತಿನ ಮಾತಿರಲಿ, ಅರ್ಧ ಸುತ್ತೂ ಕಚ್ಚಲಿಲ್ಲ. ತೂತಿನ ಬಾಯಲ್ಲಿ ಗಿರ್ರನೆ ಸುಮ್ಮನೆ ತಿರುಗಿತು.

"ಸರಿ, ಬಲಗಡಿ ಹಾಕಿ ನೋಡು" ಎಂದಳು ಹೊನ್ನವ್ವ.

ಬಲಗಡೆಯ ತೂತಿನಲ್ಲಿ ಅದು ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಹಳೆಯ ಪೇಚನ್ನು ಎಡಗಡೆಗೆ ಇಟ್ಟು ನೋಡಿದರು. ಅದೂ ಹೋಗಲಿಲ್ಲ. ಹೊನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತಳು. ಎಡತೂತಿನಲ್ಲಿ ಬೆರಳಾಡಿಸಿದಳು, ಬಲತೂತಿನಲ್ಲಿ ಬೆರಳಾಡಿಸಿದಳು. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬದಲಿಗೆ ಕಣ್ಣು ಮಿಂಚುತ್ತಿದ್ದವು.

"ಎರಡೂ ತೂತು ಒಂದ ಗಾತ್ರ. ಎರಡರಾಗೂ ಸುತ್ತು ಅದಾವ. ಒಂದು ಒಲ್ಲೆ ಅಂತೈತಿ, ಒಂದು ಬಾ ಅಂತೈತಿ. ಯಾಕ ದ್ಯಾಮಪ್ಪ?"

"ತೂತು ಕೆಟ್ಟಿರಬೇಕ್ರಿ" ಎಂದ ಅವನು ತಗ್ಗಿದ ದನಿಯಲ್ಲಿ. ಉಳಿಯಿಂದ ಬಡಿದದ್ದು ನೆನಪಾಯಿತು. ಪೇಚಷ್ಟೇ ಅಲ್ಲ, ತೂತನ್ನೂ ಕೆಡಿಸಿದೆನೆ?

"ಹಂಗಿದ್ರ ಸಣ್ಣ ಕೆಲಸದವರ ಕಣ್ಣಿಗೆ ತೋರಸಬೇಕು. ಗಜೇಂದ್ರಗಡದಾಗ ಪತ್ತಾರ ರೇಣವ್ವ ಅದಾಳ. ನನ್ನ ಸೊಸಿ ಬುಗುಡಿಗೆ ಸಾಸಿವಿಯಷ್ಟು ತಿರುಪು ಮಾಡಿ ಕೊಟ್ಟಾಕಿ. ಗರಗಸ, ಗಾಲಿ ಎಲ್ಲಾ ತಗದು ಅಚ್ಚನ್ನ ಚಕ್ಕಡ್ಯಾಗ ಹಾಕ್ಕೊಂಡ ಹೋಗು."

ಬೆಳಗಾಗುವ ಹೊತ್ತಿಗೆ ಚಕ್ಕಡಿ ಊರು ಬಿಟ್ಟಿತು. ಊರಾಚೆಯ ಬಾವಿಯ ದಂಡೆಯಲ್ಲಿ ಹುಚ್ಚಪ್ಪ ಮೊಣಕಾಲ ಮಟ್ಟ ಕೆಸರು ಮೆತ್ತಿಕೊಂಡು ಬುಟ್ಟಿ ಎತ್ತುತ್ತಿದ್ದ. ಚಕ್ಕಡಿಯಲ್ಲಿ ಅಚ್ಚು ಕಂಡು ದಾರಿಗೆ ಬಂದ. ಬೈದಾನೆಂದು ದ್ಯಾಮಪ್ಪ ಮೈ ಬಿಗಿ ಮಾಡಿಕೊಂಡ.

"ಪೇಚು ಸಿಕ್ಕಿತೇನ್ರಿ?" ಎಂದು ಕೇಳಿದ ಹುಚ್ಚಪ್ಪ.

"ಇನ್ನೂ ಇಲ್ಲ."

"ಎಲ್ಲಿ ಹೋಗತೈತಿ, ಸಿಕ್ಕಾತು" ಎಂದು ಅವನು ತಿರುಗಿ ಬಾವಿಗಿಳಿದ. ಬೈದಿದ್ದರೇ ಎಷ್ಟೋ ವಾಸಿಯಿತ್ತು.

ರೇಣವ್ವನಿಗೆ ಅರವತ್ತು ದಾಟಿತ್ತು. ಗಂಡನಿಗೆ ಕಣ್ಣು ಮಂಜಾದ ಮೇಲೆ ಅಗ್ಗಿಷ್ಟಿಕೆಯ ಮುಂದೆ ಅವಳೇ ಕೂರುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ತಿದಿ ಒತ್ತುತ್ತಿದ್ದ. ಆಳುದ್ದದ ಕಬ್ಬಿಣದ ಅಚ್ಚನ್ನು ದ್ಯಾಮಪ್ಪನೂ ನೆರೆಮನೆಯ ಒಬ್ಬನೂ ಹೊತ್ತುಕೊಂಡು ಅಂಗಳಕ್ಕೆ ತಂದದ್ದು ನೋಡಿ ಅವಳು ನಕ್ಕುಬಿಟ್ಟಳು.

"ಯಾವ ರಾಕ್ಷಸಿ ಮೂಗಿಂದೋ ಈ ನತ್ತು?"

ದ್ಯಾಮಪ್ಪ ವಿಷಯ ಹೇಳಿದ. ತೂತಿನ ಒಳಗಿನ ಸುತ್ತು ಕೆಟ್ಟಿವೆ, ಸರಿ ಮಾಡಿಕೊಡಬೇಕು. ರೇಣವ್ವ ಒಂದು ಎಣ್ಣೆಬತ್ತಿ ಹಚ್ಚಿ ತೂತಿನ ಬಾಯಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಬಾಯ್ಯಾಗ ಸ್ವಲ್ಪ ಗೀರ ಬಿದ್ದಾವ. ಒಳಗೆಲ್ಲ ಕನ್ನಡಿ ಇದ್ದಾಂಗ ಐತಿ. ತೂತು ಕೆಟ್ಟಿಲ್ಲ." ಆಮೇಲೆ ಕೈ ಚಾಚಿದಳು. "ಮುರದದ್ದ ಕೊಡು."

"ಎಸದೀನ್ರಿ" ಎಂದ ದ್ಯಾಮಪ್ಪ.

"ಮೂಗುತಿ ಮುರದು ಬಂದ ಹೆಣ್ಣಮಗಳು ಮುರದದ್ದ ಎಸದೀನಿ ಅಂತ ಹೇಳೂದಿಲ್ಲ, ತಮ್ಮಾ. ಕೊಡು."

ಅವನು ಚೀಲ ಬಿಚ್ಚಿ ಎರಡು ತುಂಡುಗಳನ್ನು ಅವಳ ಅಂಗೈಗೆ ಹಾಕಿದ. ರೇಣವ್ವ ಮೊದಲು ಮುರಿದ ಬಾಯಿಯನ್ನು ನೋಡಿದಳು. ಅಲ್ಲಿ ಕಬ್ಬಿಣದ ನಾರು ಸುರುಳಿಯಾಗಿ ಹೊರಳಿತ್ತು.

"ಇದು ತಾನ ಮುರದದ್ದಲ್ಲ. ಒದ್ದಿ ಬಟ್ಟಿ ಹಿಂಡಿದಾಂಗ ಹಿಂಡ್ಯಾರ."

ತಿದಿಯ ಸದ್ದು ನಿಂತಿತು. ಮುದುಕ ಕಿವಿಗೊಟ್ಟು ಕೂತಿದ್ದ. ದ್ಯಾಮಪ್ಪ ಅಂಗಳದ ಸೆಗಣಿ ನೆಲ ನೋಡುತ್ತಾ, "ಹಿಂಡಿದಾವ ನಾನ" ಎಂದ. ಇಷ್ಟು ದಿನ ಮುಚ್ಚಿಟ್ಟಿದ್ದ ಮಾತು ಹೊರಗೆ ಬಂದಾಗ ಇಷ್ಟೇ ಸಣ್ಣದಿತ್ತೇ ಎನಿಸಿತು. ರೇಣವ್ವ ಒಂದು ಬಿಳಿಯ ಅರಿವೆ ಹಾಸಿ, ಅದರ ಮೇಲೆ ಬಲಗಡೆಯ ಪೇಚನ್ನೂ ಮುರಿದ ಎಡಗಡೆಯ ಪೇಚನ್ನೂ ಪಕ್ಕಪಕ್ಕದಲ್ಲಿ ಇಟ್ಟಳು.

"ಬಾ, ಕೂಡು. ನೀನ ನೋಡು. ಸುತ್ತು ಎಣಸಬ್ಯಾಡ. ಯಾವ ಕಡೆ ಹತ್ತತಾವ ನೋಡು."

ದ್ಯಾಮಪ್ಪ ಬಾಗಿದ. ಮೊದಲು ಏನೂ ಕಾಣಲಿಲ್ಲ. ಎಂಟು ಸುತ್ತು, ಎಂಟು ಸುತ್ತು. ಆಮೇಲೆ ಕಂಡಿತು. ಬಲಗಡೆಯ ಪೇಚಿನ ಏಣುಗಳು ಗುಡ್ಡ ಹತ್ತುವ ಕಾಲುದಾರಿಯಂತೆ ಬಲಕ್ಕೆ ಓರೆಯಾಗಿ ಏರುತ್ತಿದ್ದವು. ಮುರಿದ ಪೇಚಿನವು ಎಡಕ್ಕೆ ಏರುತ್ತಿದ್ದವು.

"ಇದು ಬಲಹುರಿ ಹಗ್ಗ, ಅದು ಎಡಹುರಿ" ಎಂದ ತನಗೆ ತಾನೇ ಹೇಳಿಕೊಳ್ಳುವಂತೆ.

"ಹಾಂ. ಎಡಹುರಿ ಪೇಚು ಬಿಚ್ಚಬೇಕಂದ್ರ ಬಲಕ್ಕ ತಿರುವಬೇಕು. ನೀ ಎಡಕ್ಕ ತಿರುವೀದಿ. ಬಿಚ್ಚಾಕತ್ತೀನಿ ಅಂತ ತಿಳಕೊಂಡು ಬಿಗೀತಾನ ಹ್ವಾದಿ."

ದ್ಯಾಮಪ್ಪನ ಕೈಗೆ ಆ ಮಧ್ಯಾಹ್ನ ಮರಳಿ ನೆನಪಾಯಿತು. ಉಳಿಯಿಂದ ಬಡಿದಾಗ ತುಂಡು ಹೊರಬಂದದ್ದು ಬಲಕ್ಕೆ ಬಡಿದಾಗಲೇ. ದೇವರ ದಯೆ ಎಂದುಕೊಂಡಿದ್ದ. ತೂತು ಅವತ್ತೇ ಅವನಿಗೆ ಹೇಳಿತ್ತು, ಅವನು ಕೇಳಿಸಿಕೊಂಡಿರಲಿಲ್ಲ.

"ಆದ್ರ ಯಾಕ?" ಎಂದ. "ಒಂದ ಅಚ್ಚು, ಒಬ್ಬನ ಮಾಡಿದ್ದು. ಒಂದು ಹಿಂಗ, ಒಂದು ಹಂಗ ಯಾಕ ಮಾಡಿದ?"

ರೇಣವ್ವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಅವಳಿಗೆ ಹಸಿವಿನ ಹಾಗೆ ಕಾಡುತ್ತಿತ್ತು. "ಅಚ್ಚು ಯಾವ ಕಡೆ ತಿರಗತೈತಿ?" ಎಂದು ಕೇಳಿದಳು. ಎರಡು ಒರಳುಗಳ ಮೇಲೆ ಅಚ್ಚನ್ನು ಮಲಗಿಸಿ, ಬಲತುದಿಗೆ ಪೇಚನ್ನು ಬೆರಳಿನಿಂದ ಸಡಿಲವಾಗಿ ಹಾಕಿದರು. ಗಿರಣಿಯಲ್ಲಿ ತಿರುಗುವ ದಿಕ್ಕಿಗೇ ದ್ಯಾಮಪ್ಪ ಅಚ್ಚನ್ನು ತಿರುವಿದ. ರೇಣವ್ವ ಪೇಚಿನ ತಲೆಗೆ ಒಂದು ಅರಿವೆಯನ್ನು ಉಜ್ಜುವಂತೆ ಹಿಡಿದಳು. ಅಚ್ಚು ತಿರುಗಿದಂತೆ ಅರಿವೆಯ ತಡೆಗೆ ಪೇಚು ಹಿಂದುಳಿದು, ತಾನಾಗಿಯೇ ಬಿಗಿಯುತ್ತಾ ಒಳಗೆ ಸರಿಯಿತು.

"ಈಗ ಮುರದದ್ದನ್ನ ಎಡಗಡಿ ಹಾಕು."

ಮುರಿದ ತುಂಡಿನ ಬಾಯಿಗೆ ಅರಿವೆ ಹಿಡಿದಳು. ಅಚ್ಚು ಅದೇ ದಿಕ್ಕಿಗೆ ತಿರುಗಿತು. ಎಡಹುರಿಯ ತುಂಡೂ ಹಾಗೇ ತಾನಾಗಿ ಒಳಗೆ ಸರಿಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗಿರಣಿ ಓಡಿದಷ್ಟೂ ಎರಡೂ ಪೇಚು ತಾವೇ ಬಿಗಿಯುತ್ತವೆ. ಎಡಗಡೆಗೆ ಬಲಹುರಿ ಇದ್ದಿದ್ದರೆ, ಓಡಿದಷ್ಟೂ ಸಡಿಲಾಗಿ ಒಂದು ದಿನ ಗಾಲಿ ಹಾರಿ ಯಾರದೋ ಕಾಲಿಗೆ ಬೀಳುತ್ತಿತ್ತು. ಏನಾಯಿತೆಂದು ಕಣ್ಣು ಕಾಣದ ಮುದುಕ ಕೇಳಿದ. ರೇಣವ್ವ ಅವನ ಎರಡೂ ಕೈ ಹಿಡಿದು ಪೇಚುಗಳ ಮೇಲೆ ಇಟ್ಟು ಅಚ್ಚು ತಿರುವಿಸಿ ತೋರಿಸಿದಳು. ಮುದುಕ ಬೊಚ್ಚುಬಾಯಿ ತೆರೆದು "ಅಬಬಬ" ಎಂದ.

ಎಡಹುರಿಯ ಪೇಚು ಮಾಡುವುದು ಹೇಗೆ? ಉಸ್ಮಾನಸಾಬನ ತಟ್ಟೆಯ ತೂತುಗಳೆಲ್ಲ ಬಲಹುರಿಯವು. ರೇಣವ್ವ ಬುಗುಡಿಯ ತಿರುಪು ಮಾಡುವ ರೀತಿಯನ್ನೇ ತೋರಿಸಿದಳು. ಸಲಾಕೆಯ ಮೇಲೆ ಒಂದೇ ದಪ್ಪದ ಎರಡು ತಂತಿಗಳನ್ನು ಜೋಡಿಯಾಗಿ ಎಡಕ್ಕೆ ಒತ್ತೊತ್ತಾಗಿ ಸುತ್ತಬೇಕು. ಆಮೇಲೆ ಒಂದು ತಂತಿಯನ್ನು ಬಿಚ್ಚಿ ತೆಗೆದರೆ ನಡುವೆ ಓಣಿ ಉಳಿಯುತ್ತದೆ. ಚಿನ್ನದ ಕೆಲಸವಾದರೆ ಉಳಿದ ತಂತಿಯನ್ನೇ ಬೆಸೆದುಬಿಡುವುದು. ಇದು ನಾಲ್ಕಾಳು ಜಗ್ಗುವ ಗಿರಣಿ, ಬೆಸುಗೆ ತಡೆಯದು. ಓಣಿಯ ಗುರುತು ಹಿಡಿದು ಅರದಿಂದ ಕಬ್ಬಿಣವನ್ನೇ ಕೊರೆಯಬೇಕು.

ದ್ಯಾಮಪ್ಪ ಆರು ದಿನ ಗಜೇಂದ್ರಗಡದಲ್ಲಿ ಉಳಿದ. ಹುಟ್ಟಿದಂದಿನಿಂದ ಸುತ್ತಿಗೆ ಹಿಡಿದ ಕೈ, ಅಕ್ಕಿಕಾಳಿನ ಅಗಲದ ಓಣಿಯಲ್ಲಿ ಅರ ಆಡಿಸಲು ಕಲಿಯಬೇಕಾಯಿತು. ಮೊದಲ ಸಲಾಕೆಯನ್ನು ಎರಡನೆಯ ದಿನ ಕೆಡಿಸಿದ. ರೇಣವ್ವ ಅದನ್ನು ಎತ್ತಿ ಮೂಲೆಗೆ ಎಸೆದು ಇನ್ನೊಂದು ಕೊಟ್ಟಳು. ಎರಡನೆಯದಕ್ಕೆ ದೀಪದ ಕಾಡಿಗೆ ಸವರಿ ತೂತಿಗೆ ಹಾಕಿ ತೆಗೆಯುವುದು, ಕಾಡಿಗೆ ಅಳಿದ ಜಾಗ ಉಬ್ಬಿದೆ ಎಂದರ್ಥ, ಅಲ್ಲಿ ಒಂದೆರಡು ಸಲ ಅರ ಎಳೆಯುವುದು, ಮತ್ತೆ ಹಾಕುವುದು. ಹೀಗೆ ಎಷ್ಟು ಸಲವೋ ಲೆಕ್ಕವಿಲ್ಲ. ಆರನೆಯ ದಿನ ಸಂಜೆ ಪೇಚು ಎಡಕ್ಕೆ ತಿರುಗುತ್ತಾ ತಿರುಗುತ್ತಾ ಕಡೆಯ ಸುತ್ತಿನವರೆಗೂ ಇಳಿದು ತಲೆ ಕೂತಿತು. ದ್ಯಾಮಪ್ಪ ಅದನ್ನು ಬಿಚ್ಚಿದ, ಹಾಕಿದ. ಬಿಚ್ಚಿದ, ಹಾಕಿದ.

"ಸಾಕ ಮಾಡೋ, ಸವದೀತು" ಎಂದಳು ರೇಣವ್ವ.

ರೋಣಕ್ಕೆ ಬಂದವನು ಅಚ್ಚನ್ನು ಚಕ್ಕಡಿಯಿಂದ ಇಳಿಸುವ ಮೊದಲೇ ಹೊನ್ನವ್ವನ ಮುಂದೆ ಮುರಿದ ತುಂಡುಗಳನ್ನು ಇಟ್ಟ.

"ಇದನ್ನ ಮುರದಾವ ನಾನ್ರಿ. ಹುಚ್ಚಪ್ಪ ಅಲ್ಲ. ನಾ ಸುಳ್ಳ ಹೇಳಿದೆ."

ಹೊನ್ನವ್ವ ತುಂಡುಗಳನ್ನು ಮುಟ್ಟಲಿಲ್ಲ. ಮುಖ ಗಡುಸಾಯಿತು. "ಅವನ್ನ ನಾ ಕಳಸಿಬಿಟ್ಟೆ. ನಿನ್ನ ಮಾತ ಕೇಳಿ. ನನಗ ಹೇಳಿ ಏನ ಬಂತು? ಅವಗ ಹೇಳು. ಹೋಗು" ಎಂದಳು.

ಬಾವಿಯ ಹೂಳು ಮುಗಿಯುತ್ತಾ ಬಂದಿತ್ತು. ಹುಚ್ಚಪ್ಪ ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ದ್ಯಾಮಪ್ಪ ಹೇಳಿದ್ದನ್ನೆಲ್ಲ ಕೇಳಿ, "ನನಗ ಗೊತ್ತಿತ್ತು" ಎಂದ.

"ಹ್ಯಾಂಗ?"

"ನಾ ಉಲ್ಟಾ ತಿರುವಿಲ್ಲ ಅನ್ನೂದು ನನಗ ಗೊತ್ತಿತ್ತಲ್ಲ. ಉಳದಾವ ನೀ ಒಬ್ಬನ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಕಂಬಾರನ ಮುಂದ ಕಬ್ಬಣದ ಮಾತು ನಾ ಹೇಳಿದ್ರ ಯಾರ ಕೇಳತಿದ್ರು?" ಹುಚ್ಚಪ್ಪ ಎದ್ದು ನಿಂತ. "ನನ್ನ ಒಬ್ಬನ ಮುಂದ ಹೇಳಿದ್ರ ಆಗೂದಿಲ್ಲ. ಬೇವಿನ ಗಿಡದ ಕೆಳಗ ಎಲ್ಲಾರೂ ಇದ್ದಾಗ ಹೇಳಿದ್ದಿ. ಅಲ್ಲೇ ಹೇಳು."

ಮರುದಿನ ಆಳುಗಳೆಲ್ಲ ಬುತ್ತಿ ಬಿಚ್ಚಿದ ಹೊತ್ತಿಗೆ ದ್ಯಾಮಪ್ಪ ಬೇವಿನ ಗಿಡದ ಕೆಳಗೆ ನಿಂತು ಹೇಳಿದ. ಮೊದಲ ಎರಡು ಮಾತು ತೊದಲಿತು. ಪೇಚುಗಳನ್ನು ಕೈಗೆ ತೆಗೆದುಕೊಂಡು ಎಡಹುರಿ, ಬಲಹುರಿ ತೋರಿಸತೊಡಗಿದ ಮೇಲೆ ಮಾತು ಸರಾಗವಾಯಿತು. ಬಾಯಿಗಿಡಲಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಆಳುಗಳು ಎದ್ದು ಬಂದು ಬಾಗಿ ನೋಡಿದರು. ನಕ್ಕವರೂ ಇದ್ದರು. ನಗುವವರು ನಗಲಿ ಎಂದು ಅವನು ಬಿಟ್ಟುಬಿಟ್ಟ.

ಗರಗಸ ಪೋಣಿಸಿದ ಅಚ್ಚು ಗಿರಣಿಗೆ ಕೂತಿತು. ಗಾಲಿ ಏರಿಸಿ, ಎಡಗಡೆಯ ಪೇಚನ್ನು ಎಡಕ್ಕೆ ತಿರುವಿ ದ್ಯಾಮಪ್ಪ ಬಿಗಿದ. ಪಕ್ಕದಲ್ಲೇ ಕೂತು ನೋಡುತ್ತಿದ್ದ ಹೊನ್ನವ್ವ, "ಅಲ್ಲೋ, ಇಷ್ಟು ದೂರ ಇಚಾರ ಮಾಡಿದಾವ ಯಾರಿರಬೇಕು? ಎಲ್ಲಿ ಕುಂತು, ಏನ ನೋಡಿ ಅವಗ ಇದು ಹೊಳೀತು?" ಎಂದು ಕೇಳಿದಳು.

ದ್ಯಾಮಪ್ಪ ಯೋಚಿಸಿದ. ಸಮುದ್ರದಾಚೆ ಯಾವುದೋ ಊರು, ಅಲ್ಲೂ ಒಂದು ಕುಲುಮೆ, ಕೈಗೆ ಮಸಿ ಹತ್ತಿದ ಒಬ್ಬ ಮನುಷ್ಯ. ಅದಕ್ಕಿಂತ ಹೆಚ್ಚಿಗೆ ಅವನಿಗೆ ಕಾಣಲಿಲ್ಲ.

"ಅವನೂ ಮೊದಲ ಒಂದ ಗಾಲಿ ಹಾರಿಸಿಕೊಂಡಿರಬೇಕ್ರಿ" ಎಂದ.

ಹುಚ್ಚಪ್ಪ ಎಡಗಡೆಯ ಹಿಡಿಕೆಗೆ ನಿಂತ. ಮೊದಲ ಸುತ್ತಿಗೆ ಗಿರಣಿ ನರಳಿತು, ಎರಡನೆಯದಕ್ಕೆ ಸರಾಗವಾಯಿತು. ಬಿಳಿಯ ಅರಳೆ ಹಿಂದಿನಿಂದ ಹಾರಿ ಬಂದು ಹೊನ್ನವ್ವನ ತಲೆಯ ಮೇಲೂ ದ್ಯಾಮಪ್ಪನ ಮೀಸೆಯ ಮೇಲೂ ಕೂತಿತು. ರೋಹಿಣಿ ಮಳೆ ಆ ವರ್ಷ ನಾಲ್ಕು ದಿನ ತಡವಾಗಿ ಬಂತು. ಅಷ್ಟರಲ್ಲಿ ಕಣಜದಲ್ಲಿ ಉಳಿದದ್ದು ಬರೀ ಕಸ ಮತ್ತು ಬೀಜ.

ಹುಚ್ಚಪ್ಪ ಆ ಹಂಗಾಮು ಮುಗಿಯುವ ತನಕ ದ್ಯಾಮಪ್ಪನ ಜೊತೆ ಕೆಲಸದ ಮಾತಿನ ಹೊರತು ಇನ್ನೊಂದು ಮಾತಾಡಲಿಲ್ಲ. ದ್ಯಾಮಪ್ಪನೂ ಒತ್ತಾಯ ಮಾಡಲಿಲ್ಲ. ರೋಹಿಣಿಯ ಬೆನ್ನಿಗೆ ಮಿರಗಾ ಮಳೆ ಹಿಡಿದ ಮೇಲೆ ಒಂದು ದಿನ ಹುಚ್ಚಪ್ಪ ಬಿತ್ತುವ ಕೂರಿಗೆಯ ಕುಡ ಹಣಿಸಿ ಚೂಪು ಮಾಡಿಸಿಕೊಳ್ಳಲು ಕುಲುಮೆಗೆ ಬಂದ. ಕೆಲಸ ಮುಗಿದ ಮೇಲೂ ಹೋಗದೆ ಮಳೆ ನಿಲ್ಲಲಿ ಎಂಬಂತೆ ಬಾಗಿಲಲ್ಲಿ ನಿಂತಿದ್ದ.

"ಆ ತಂತಿ ಸುತ್ತೂದು ಹ್ಯಾಂಗ, ಒಮ್ಮೆ ತೋರಸು ನೋಡೋಣು" ಎಂದ ಕಡೆಗೆ.

ದ್ಯಾಮಪ್ಪ ಒಂದು ಸಲಾಕೆಯನ್ನೂ ಎರಡು ತಂತಿಗಳನ್ನೂ ತೆಗೆದುಕೊಂಡು, ಅವನು ಕೂರಲೆಂದು ಅಡಿಗಲ್ಲಿನ ಪಕ್ಕದ ಇದ್ದಲಿಬುಟ್ಟಿಯನ್ನು ಅತ್ತ ಸರಿಸಿದ.